ವಾಲಿದ ಮೂಗುಬೊಟ್ಟು

ಬಾಶೆಟ್ಟಿಹಳ್ಳಿ, ದೊಡ್ಡಬಳ್ಳಾಪುರದ ಆಸುಪಾಸಿನಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿರುವ ಕಿರಿಯ ದಂತವೈದ್ಯರಿಗೆ,



ನಾನು ಇಲ್ಲಿ ಬೋರ್ಡು ಹಾಕಿದ ಕಾಲದಲ್ಲಿ ಹಲ್ಲು ನೋವು ಬಂದವರಿಗೆ ಎರಡೇ ದಾರಿ. ಮೆಡಿಕಲ್ ಸ್ಟೋರಿನ ಹುಡುಗ ಕೊಟ್ಟ ಮಾತ್ರೆ ನುಂಗುವುದು, ಅದಕ್ಕೂ ಬಗ್ಗದಿದ್ದರೆ ದೊಡ್ಡಬಳ್ಳಾಪುರಕ್ಕೆ ಹೋಗಿ ಕೀಳಿಸಿಕೊಂಡು ಬರುವುದು. ಈಗ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಬೇಕರಿ, ಮೊಬೈಲ್ ಅಂಗಡಿ, ಅದರ ಪಕ್ಕ ನಗುವ ಹಲ್ಲಿನ ಚಿತ್ರದ ಬೋರ್ಡು. ಶಿಫ್ಟು ಬಿಡುವ ಹೊತ್ತಿಗೆ ನಿಮ್ಮ ಟ್ಯೂಬ್‌ಲೈಟುಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ನೋಡುತ್ತೇನೆ. ಸಂತೋಷವಾಗುತ್ತದೆ. ಪೈಪೋಟಿಯ ಸಂಕಟದಿಂದ ಬರೆದ ಪತ್ರ ಇದಲ್ಲ. ನಾಲ್ಕು ಕ್ಲಿನಿಕ್ಕು ಹೆಚ್ಚಾದರೂ ತೀರದಷ್ಟು ಹುಳುಕು ಹಲ್ಲು ಈ ಊರಿನ ಬಾಡಿಗೆ ಕೋಣೆಗಳಲ್ಲಿ ಇದೆ.

ನಿಮ್ಮ ಕಡೆಯಿಂದ ನನ್ನಲ್ಲಿಗೆ ಬಂದು ಕೂತ ಕೆಲವು ಮುಖಗಳನ್ನು ನೋಡಿ ಬರೆಯುತ್ತಿದ್ದೇನೆ. ಊತ ಹಾಗೇ ಇದೆ, ಪಕ್ಕದ ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಕ್ಯಾಪೂ ಬಿದ್ದಿದೆ. ಅವರನ್ನು ನೋಡಿದಾಗ ನಿಮ್ಮ ಮೇಲೆ ಸಿಟ್ಟು ಬರುವುದಿಲ್ಲ. ನಾನು ಮಾಡಿದ್ದೇ ಇನ್ನೊಬ್ಬರ ಕೈಯಲ್ಲಿ ಮತ್ತೆ ಆದದ್ದನ್ನು ಕಂಡ ಮುಜುಗರ ಆಗುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲಿ ಹೇಳಬಹುದಿತ್ತಲ್ಲ ಎಂದು ಕೇಳುತ್ತೀರಿ. ಪತ್ರಿಕೆಯಲ್ಲೇ ಬರೆಯುವುದಕ್ಕೆ ಕಾರಣ ಇದೆ. ಮುಖದ ಮೇಲೆ ಊತ ಹೊತ್ತವರೂ ಇದನ್ನು ಓದಲಿ, ನಾಳೆ ನಿಮ್ಮ ಕುರ್ಚಿಯಲ್ಲಿ ಕೂತು, “ಡಾಕ್ಟ್ರೆ, ಹಲ್ಲಿಗೆ ಜೀವ ಇದೆಯೋ ಇಲ್ಲವೋ ನೋಡಿದ್ರಾ?” ಎಂದು ಕೇಳಲಿ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಕಥೆ ಮೊದಲು ಹೇಳಿಬಿಡುತ್ತೇನೆ. ಬಂದಾಕೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಲವತ್ತರ ಹತ್ತಿರದ ವಯಸ್ಸು. ತವರಿನಲ್ಲಿ ಮಗ್ಗದ ಸದ್ದಿನಲ್ಲಿ ಬೆಳೆದು, ಮದುವೆಯಾದ ಮೇಲೆ ಹೊಲಿಗೆ ಯಂತ್ರದ ಸದ್ದಿಗೆ ಬಂದವಳು. ಮೂಗಿನ ಎಡ ಹೊಳ್ಳೆಯ ಬುಡದಲ್ಲಿ, ಮೇಲ್ದುಟಿಗೂ ಮೂಗಿಗೂ ನಡುವೆ ಒಂದು ಊತ. ಮೂಗಿನಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ಬಲಗಡೆ ಆಳವಾಗಿತ್ತು, ಎಡಗಡೆ ಅಳಿಸಿಹೋದ ಹಾಗಿತ್ತು. “ನೋವೇನಿಲ್ಲ ಡಾಕ್ಟ್ರಮ್ಮ. ಮೂಗುಬೊಟ್ಟು ವಾಲ್ಕೊಂಡೈತೆ, ಅದೊಂದೇ. ಎಷ್ಟು ಸಲ ತಿರುಗಿಸಿ ಇಟ್ರೂ ಮ್ಯಾಕ್ಕೆ ನೋಡ್ತೈತೆ” ಅಂದಳು. ಲೈನಿನ ಹುಡುಗಿಯರು ಗೇಲಿ ಮಾಡುತ್ತಿದ್ದರಂತೆ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆಯೂ ಆಗಿತ್ತು.

ಅವಳು ಹೇಳಿದ್ದರಲ್ಲೇ ರೋಗದ ಹೆಸರು ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಕಣ್ಣು ನೇರ ಹಲ್ಲಿಗೆ ಹೋಯಿತು. ಮೇಲಿನ ಎಡ ಪಕ್ಕದ ಬಾಚಿಹಲ್ಲಿನಲ್ಲಿ ಹಳೆಯ ಸಿಮೆಂಟು ಕಂಡಿತು. ಸಿಕ್ಕಿದ ಕಳ್ಳ ಅಂದುಕೊಂಡೆ. ಎಕ್ಸ್‌ರೇ ತೆಗೆದೆ. ಬೇರಿನ ತುದಿಯ ಹತ್ತಿರ ಮಸುಕಾದ ಕಪ್ಪು. ಆ ಜಾಗದಲ್ಲಿ ಮೂಳೆಗೆ ಹುಟ್ಟಾ ಒಂದು ತಗ್ಗು ಇರುತ್ತದೆ, ಎಷ್ಟೋ ಜನರ ಎಕ್ಸ್‌ರೇಯಲ್ಲಿ ಅದು ನೆರಳಾಗಿ ಬೀಳುತ್ತದೆ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೇಕಾಗಿದ್ದನ್ನು ಕಂಡುಕೊಳ್ಳುವ ಕಣ್ಣಿಗೆ ಓದು ಅಡ್ಡ ಬರುವುದಿಲ್ಲ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹಲ್ಲು ಕೊರೆದೆ. ನರದ ಕೋಣೆ ತೆರೆದಾಗ ಕೆಂಪು ರಕ್ತ ಬಂತು. ಸತ್ತ ಹಲ್ಲು ತೆರೆದಾಗ ಬರುವ ವಾಸನೆ ನಿಮಗೆ ಗೊತ್ತೇ ಇದೆ, ಮಾಸ್ಕಿನೊಳಗೂ ನುಗ್ಗುತ್ತದೆ. ಆ ವಾಸನೆ ಬರಲಿಲ್ಲ. ಊತಕ್ಕೆ ಕಾರಣವಾದ ಹಲ್ಲು ಸತ್ತಿರಬೇಕು, ಇದು ಬದುಕಿದೆ. ಅಲ್ಲೇ ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ, ಮುಗಿಸಿದರೆ ಚಿಕಿತ್ಸೆ ಮಾಡಿದ ಹಾಗೆ. ಮುಗಿಸಿದೆ. ಐದು ದಿನ ಆಂಟಿಬಯಾಟಿಕ್ ಬರೆದೆ, ಊತ ಇಳಿಯಲಿಲ್ಲ. ಇನ್ನೊಂದು ಜಾತಿಯದನ್ನು ಮತ್ತೆ ಐದು ದಿನ ಬರೆದೆ. ಮೂರನೇ ಸಲ ಬಂದಾಗ ಅವಳೇ ನನಗೆ ಪಾಠ ಹೇಳಿದಳು. “ಇದು ಹಲ್ಲಿಂದಲ್ಲ ಡಾಕ್ಟ್ರಮ್ಮ. ಮುಟ್ಟಿದ್ರೆ ಮೂಗಿನ ಬುಡದಾಗೆ ಆಡ್ತೈತೆ.”

ಬೆಂಗಳೂರಿನಲ್ಲಿ ನನಗೆ ಕಲಿಸಿದ ಮೇಷ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ಕೇಳಲಿಲ್ಲ. ಗ್ಲೌಸ್ ಹಾಕಿ ಒಂದು ಬೆರಳನ್ನು ಮೇಲ್ದುಟಿಯ ಒಳಗಿನ ಸಂದಿಗೆ ಇಟ್ಟರು, ಕಿರುಬೆರಳನ್ನು ಮೂಗಿನ ಹೊಳ್ಳೆಯ ನೆಲಕ್ಕೆ ಇಟ್ಟರು. ಒಂದನ್ನು ಒತ್ತಿದರೆ ಇನ್ನೊಂದು ಎದ್ದಿತು. ನನ್ನ ಕೈಯನ್ನೂ ಹಾಗೇ ಇಡಿಸಿದರು. ನೀರು ತುಂಬಿದ ಪುಟ್ಟ ಬಲೂನು ಎರಡು ಬೆರಳಿನ ನಡುವೆ ಓಡಾಡಿತು. ಆಮೇಲೆ ಮೇಷ್ಟರು ಒಂದೇ ಪ್ರಶ್ನೆ ಕೇಳಿದರು. “ಕೊರೆಯೋ ಮುಂಚೆ ಐಸ್ ಇಟ್ಟು ನೋಡಿದ್ಯೇನಮ್ಮ?”

ಅದು ನೇಸೋಲೇಬಿಯಲ್ ಸಿಸ್ಟ್. ಮೂಗು ಮತ್ತು ತುಟಿಯ ನಡುವಿನ ಮೆತ್ತನೆಯ ಮಾಂಸದಲ್ಲಿ, ಮೂಳೆಯ ಹೊರಗೆ ಹುಟ್ಟುವ ನೀರುಚೀಲ. 1882ರಲ್ಲಿ ಇದನ್ನು ಮೊದಲು ವಿವರಿಸಿದವರು ವಿಯೆನ್ನಾದ ಅಂಗರಚನಾ ತಜ್ಞ ಎಮಿಲ್ ಝುಕರ್‌ಕಾಂಡ್ಲ್. ಆಮೇಲೆ ಇದರ ಬಗ್ಗೆ ಬರೆದ ಜರ್ಮನ್ ವೈದ್ಯ ಕ್ಲೆಸ್ಟಾಟ್ ಹೆಸರಲ್ಲೂ ಇದನ್ನು ಕರೆಯುತ್ತಾರೆ. ಗರ್ಭದಲ್ಲಿ ಮುಖದ ತುಂಡುಗಳು ಬೆಸೆಯುವಾಗ ಸಂದಿಯಲ್ಲಿ ಸಿಕ್ಕಿಬಿದ್ದ ಜೀವಕೋಶಗಳಿಂದ ಹುಟ್ಟುತ್ತದೆ ಎಂಬುದು ಕ್ಲೆಸ್ಟಾಟ್ ವಾದ. ಕಣ್ಣೀರು ಮೂಗಿಗಿಳಿಯುವ ನಾಳದ ಅಳಿದುಳಿದ ಚೂರಿನಿಂದ ಎಂಬುದು ಇನ್ನೊಂದು ವಾದ, ಈಗ ಹೆಚ್ಚಿನವರು ಒಪ್ಪುವುದು ಇದನ್ನೇ. ದವಡೆ ಮತ್ತು ಮುಖದ ಸಿಸ್ಟ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದೂ ಬರುವುದಿಲ್ಲ. ಬಂದಾಗ ಗಂಡಸರಿಗಿಂತ ಹೆಂಗಸರಿಗೆ ಮೂರು ನಾಲ್ಕು ಪಟ್ಟು ಹೆಚ್ಚು, ಅದೂ ಮೂವತ್ತರಿಂದ ಐವತ್ತರ ವಯಸ್ಸಿನಲ್ಲಿ. ಈಗ ಸಂಜೆ ಗಾರ್ಮೆಂಟ್ಸ್ ಗೇಟಿನ ಮುಂದೆ ಎರಡು ನಿಮಿಷ ನಿಂತು ಹೊರಬರುವವರನ್ನು ನೋಡಿ. ಸಾವಿರಾರು ಹೆಂಗಸರು, ಬಹುಪಾಲು ಇದೇ ವಯಸ್ಸಿಗೆ ಬಂದವರು ಅಥವಾ ಬರುತ್ತಿರುವವರು. ಪುಸ್ತಕ ಅಪರೂಪ ಎಂದದ್ದು ನಮ್ಮ ರಸ್ತೆಯಲ್ಲಿ ಅಷ್ಟು ಅಪರೂಪ ಆಗಿರಬೇಕಿಲ್ಲ.

ಇದರ ಚಿಕಿತ್ಸೆ ಸರಳ. ಸರಿಯಾದವರ ಕೈಗೆ ಹೋಗಬೇಕು, ಅಷ್ಟೆ. ಮೇಲ್ದುಟಿಯನ್ನು ಎತ್ತಿ ಒಳಗಿನ ಸಂದಿಯಲ್ಲಿ ಕೊಯ್ದು ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಮುಖದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ. ಚೀಲ ಮೂಗಿನ ನೆಲದ ಪೊರೆಗೆ ಅಂಟಿಕೊಂಡಿರುವುದೇ ಕಷ್ಟದ ಜಾಗ. ಬಿಡಿಸುವಾಗ ಪೊರೆ ಹರಿದರೆ ಅಲ್ಲೇ ಹೊಲಿಯಬೇಕು. ಈಚಿನ ದಶಕಗಳಲ್ಲಿ ಕಿವಿ-ಮೂಗು-ಗಂಟಲು ತಜ್ಞರು ಎಂಡೋಸ್ಕೋಪ್ ಹಿಡಿದು ಮೂಗಿನ ಒಳಗಿನಿಂದಲೇ ಚೀಲದ ತಾರಸಿ ಕತ್ತರಿಸಿ ಬಾಯಿ ತೆರೆದುಬಿಡುತ್ತಾರೆ. ಎರಡರಲ್ಲೂ ಮರುಕಳಿಸುವುದು ಅಪರೂಪ. ನನ್ನ ಟೈಲರಮ್ಮನಿಗೆ ತುಟಿಯ ಒಳಗಿನಿಂದ ಮಾಡಿದರು. ಹೊಲಿಗೆ ಬಿಚ್ಚಿದ ವಾರಕ್ಕೆ ಬಂದು ಕನ್ನಡಿ ಕೇಳಿದಳು. ಮೂಗುಬೊಟ್ಟು ನೆಟ್ಟಗೆ ಕೂತಿತ್ತು. ನಾನು ಕೊರೆದ ಹಲ್ಲು ಮಾತ್ರ ಕೊರೆದ ಹಾಗೇ ಇತ್ತು.

ಐಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಪತ್ರದ ತಿರುಳು ಅದೇ. ಹಲ್ಲಿನ ಜೀವ ನೋಡುವ ಪಲ್ಪ್ ಟೆಸ್ಟರ್ ಕೊಳ್ಳಲು ದುಡ್ಡಿಲ್ಲ ಎನ್ನಬೇಡಿ. ಇಂಜೆಕ್ಷನ್ ಸೂಜಿಯ ಪ್ಲಾಸ್ಟಿಕ್ ಕ್ಯಾಪಿನಲ್ಲಿ ನೀರು ತುಂಬಿಸಿ ಫ್ರೀಜರಿನಲ್ಲಿ ನಿಲ್ಲಿಸಿಡಿ. ಬೆಳಿಗ್ಗೆಗೆ ಪೆನ್ಸಿಲಿನಂಥ ಐಸ್ ಕಡ್ಡಿ ಸಿದ್ಧ. ಹಲ್ಲನ್ನು ಹತ್ತಿಯಿಂದ ಒರೆಸಿ ಒಣಗಿಸಿ. ಮೊದಲು ಇನ್ನೊಂದು ಪಕ್ಕದ ಒಳ್ಳೆಯ ಹಲ್ಲಿಗೆ ಮುಟ್ಟಿಸಿ. ಸಹಜ ಎಂದರೆ ಹೇಗಿರುತ್ತದೆ ಎಂದು ರೋಗಿಗೂ ಗೊತ್ತಾಗಬೇಕಲ್ಲ. ಚುಳ್ ಎಂದಾಗ ಕೈ ಎತ್ತಲು ಹೇಳಿ, ನಿಂತಾಗ ಇಳಿಸಲು ಹೇಳಿ. ಆಮೇಲೆ ಅನುಮಾನದ ಹಲ್ಲು, ಅದರ ಅಕ್ಕಪಕ್ಕದವು. ಚುಳ್ ಎಂದು ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಹಲ್ಲು ಬದುಕಿದೆ, ಚೆನ್ನಾಗಿದೆ. ಚುಳುಕು ನಿಲ್ಲದೆ ಎಳೆಯುತ್ತಿದ್ದರೆ ನರ ಕೆರಳಿದೆ. ಏನೂ ಗೊತ್ತಾಗದಿದ್ದರೆ ಸತ್ತಿರಬಹುದು. ಖಚಿತವಾಗಿ ಸತ್ತಿದೆ ಎಂದು ನಾನು ಹೇಳುವುದಿಲ್ಲ. ಪೆಟ್ಟು ಬಿದ್ದ ಹಲ್ಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೌನವಾಗಿದ್ದು ಮತ್ತೆ ಮಾತಾಡುತ್ತದೆ. ವಯಸ್ಸಾದವರ ಹಲ್ಲಿನ ಕೋಣೆ ಕಿರಿದಾಗಿ ತಣ್ಣನೆಯದು ಒಳಗೆ ಮುಟ್ಟುವುದಿಲ್ಲ. ಹಾಗಾಗಿ ಒಂದು ಪರೀಕ್ಷೆಯ ಮೇಲೆ ಮನೆ ಕಟ್ಟಬೇಡಿ. ತಟ್ಟಿ ನೋಡಿ, ಅಲುಗುತ್ತದೆಯೇ ನೋಡಿ, ಇನ್ನೊಂದು ಕೋನದಿಂದ ಎಕ್ಸ್‌ರೇ ತೆಗೆಯಿರಿ. ಕೋನ ಬದಲಾದಾಗ ಬೇರಿನ ತುದಿ ಬಿಟ್ಟು ಸರಿಯುವ ನೆರಳು ಬೇರಿನದ್ದಲ್ಲ.

ಇದೆಲ್ಲ ಮುಗಿಯಲು ಐದು ನಿಮಿಷ ಸಾಕು. ಆದರೆ ಹೊರಗೆ ಆರು ಜನ ಕೂತಿರುತ್ತಾರೆ, ಕ್ಲಿನಿಕ್ಕಿನ ಸಾಲದ ಕಂತು ತಲೆಯಲ್ಲಿ ಕೂತಿರುತ್ತದೆ. ಸತ್ಯ ಹೇಳುತ್ತೇನೆ, ಹಲ್ಲಿನದ್ದಲ್ಲ ಎಂದು ಹೇಳಿ ಕಳಿಸಿದರೆ ನಮಗೆ ಸಿಗುವುದು ಕನ್ಸಲ್ಟೇಷನ್ ಫೀಸು, ಹಲ್ಲಿನದ್ದೇ ಎಂದರೆ ರೂಟ್ ಕೆನಾಲ್, ಕ್ಯಾಪು. ಈ ಲೆಕ್ಕ ನಮ್ಮ ಕಣ್ಣಿಗೆ ತಿಳಿಯದಂತೆ ಕೆಲಸ ಮಾಡುತ್ತದೆ. ನಾನು ಅಂದು ಲೋಭದಿಂದ ಕೊರೆದೆ ಎಂದು ನನಗೆ ಅನ್ನಿಸುವುದಿಲ್ಲ. ಲೋಭ ಇರಲೇ ಇಲ್ಲ ಎಂದು ಆಣೆ ಮಾಡಿ ಹೇಳಲೂ ಆಗುವುದಿಲ್ಲ.

ಹಾಗೆಂದು ಎಲ್ಲ ಊತವೂ ಅಪರೂಪದ್ದೇ ಎಂದು ಹೆದರಿ ಬೆಂಗಳೂರಿಗೆ ಅಟ್ಟಲು ಶುರುಮಾಡಬೇಡಿ. ದವಡೆಯ ಸಿಸ್ಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟುವ ರೇಡಿಕ್ಯುಲರ್ ಸಿಸ್ಟ್‌ಗಳೇ. ಕೆಲವೊಮ್ಮೆ ಹಲ್ಲು ತಾನು ಮಾಡಿದ ಕಳ್ಳತನವನ್ನು ಚರ್ಮದ ಮೇಲೆ ಹಾಕುತ್ತದೆ. ಗದ್ದದ ನಡುವೆ ಒಸರುವ ಗುಳ್ಳೆಯೊಂದನ್ನು ಹೊತ್ತು ಒಬ್ಬ ಲಾರಿ ಕ್ಲೀನರ್ ನನ್ನಲ್ಲಿಗೆ ಬಂದಿದ್ದ. ವರ್ಷದಿಂದ ಮುಲಾಮು ಹಚ್ಚುತ್ತಿದ್ದ, ಎರಡು ಸಲ ಕೊಯ್ಯಿಸಿಯೂ ಇದ್ದ. ಅದರ ಬಾಯಿಗೆ ಬೇರು ತುಂಬಲು ಬಳಸುವ ತೆಳ್ಳನೆಯ ಗಟ್ಟಾಪರ್ಚಾ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದೆ. ಕಡ್ಡಿ ಸೀದಾ ಕೆಳಗಿನ ಬಾಚಿಹಲ್ಲಿನ ಬೇರಿಗೆ ಹೋಗಿ ನಿಂತಿತ್ತು. ಚಿಕ್ಕಂದಿನಲ್ಲಿ ಕಬಡ್ಡಿ ಆಡುವಾಗ ಪೆಟ್ಟು ತಿಂದಿದ್ದ ಹಲ್ಲು, ನೋಡಲು ಹುಳುಕೇ ಇರಲಿಲ್ಲ. ಐಸ್ ಇಟ್ಟರೆ ಕಲ್ಲು. ರೂಟ್ ಕೆನಾಲ್ ಆದ ಮೇಲೆ ಗದ್ದ ತಾನಾಗಿ ಮಾಯಿತು. ಟೈಲರಮ್ಮನ ವಿಷಯದಲ್ಲಿ ಹಲ್ಲು ನಿರಪರಾಧಿ, ಇವನ ವಿಷಯದಲ್ಲಿ ಹಲ್ಲೇ ಅಪರಾಧಿ. ಎರಡನ್ನೂ ಬಿಡಿಸಿ ಹೇಳಿದ್ದು ಅದೇ ಕಾಸಿಲ್ಲದ ಐಸ್ ಕಡ್ಡಿ.

ಅಂಗುಳಿನ ಮುಂಭಾಗದ ಸಿಸ್ಟ್ ಬಗ್ಗೆ ಒಂದೆರಡು ಮಾತು. ಮುಂದಿನ ಎರಡು ಬಾಚಿಹಲ್ಲಿನ ಹಿಂದೆ ಮೂಳೆಯಲ್ಲಿ ಒಂದು ರಂಧ್ರ ಇರುವುದು ಸಹಜ. ಎಕ್ಸ್‌ರೇಯಲ್ಲಿ ಅದರ ನೆರಳು 6 ಮಿಲಿಮೀಟರ್ ದಾಟಿದರೆ ನೇಸೋಪ್ಯಾಲಟೈನ್ ಸಿಸ್ಟ್ ಇರಬಹುದೇ ಎಂದು ಯೋಚಿಸಿ. ಮೂಗಿನ ಮುಂದಿನ ಮುಳ್ಳುಮೂಳೆಯ ನೆರಳು ಮೇಲೆ ಬಿದ್ದು ಅದು ಹೃದಯದ ಆಕಾರದಲ್ಲಿ ಕಾಣುವುದೂ ಉಂಟು. ಕೆಲವರಿಗೆ ಬಾಯಿಯಲ್ಲಿ ಉಪ್ಪುಪ್ಪು ನೀರು ಒಸರುತ್ತದೆ, ಹೆಚ್ಚಿನವರಿಗೆ ಏನೂ ಗೊತ್ತಿರುವುದಿಲ್ಲ. ಇಲ್ಲೂ ಹಲ್ಲುಗಳು ಜೀವಂತ. ಇದನ್ನು ಬೇರಿನ ಸೋಂಕೆಂದು ತಿಳಿದು ಎರಡೂ ಬಾಚಿಹಲ್ಲಿನ ನರ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಪಕ್ಕದ ಬಾಚಿಹಲ್ಲಿಗೂ ಕೋರೆಹಲ್ಲಿಗೂ ನಡುವಿನ ಗ್ಲೋಬ್ಯುಲೋಮ್ಯಾಕ್ಸಿಲರಿ ಸಿಸ್ಟ್ ಎಂಬುದನ್ನು ನಾವು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆವು. ಅಂಥ ಪ್ರತ್ಯೇಕ ಸಿಸ್ಟೇ ಇಲ್ಲ, ಅಲ್ಲಿ ಸಿಗುವುದು ಬೇರೆ ಬೇರೆ ರೋಗಗಳು ಎಂದು ಆಮೇಲೆ ಹೆಸರನ್ನೇ ಕೈಬಿಟ್ಟರು. ನಮ್ಮ ಅಂಕವನ್ನೇನೂ ವಾಪಸು ಕೇಳಲಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಕೆಳದವಡೆಯ ಬುದ್ಧಿಹಲ್ಲಿನ ಹಿಂದೆ ಸದ್ದಿಲ್ಲದೆ ಬೆಳೆಯುವ ಓಡಾಂಟೋಜೆನಿಕ್ ಕೆರಾಟೋಸಿಸ್ಟ್. ಇದು ದವಡೆಯನ್ನು ಹೊರಗೆ ಉಬ್ಬಿಸದೆ, ಮೂಳೆಯ ಮಜ್ಜೆಯ ಉದ್ದಕ್ಕೂ ಗೆದ್ದಲಿನ ಹಾಗೆ ಓಡುತ್ತದೆ. ಮುಖ ಊದುವ ಹೊತ್ತಿಗೆ ಅರ್ಧ ದವಡೆ ಟೊಳ್ಳಾಗಿರಬಹುದು. ಇದು ಸಿಸ್ಟೋ ಗಡ್ಡೆಯೋ ಎಂದು ಪಂಡಿತರಿಗೇ ಜಗಳ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗಡ್ಡೆಯ ಪಟ್ಟಿಗೆ ಸೇರಿಸಿತು, 2017ರಲ್ಲಿ ಮತ್ತೆ ಸಿಸ್ಟ್ ಪಟ್ಟಿಗೆ ತಂದಿತು. ಹೆಸರು ಏನೇ ಇರಲಿ, ಚೀಲದ ಗೋಡೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಂದು ಚೂರು ಒಳಗೆ ಉಳಿದರೂ ಮತ್ತೆ ಬರುತ್ತದೆ. ಕೆರೆದು ತೆಗೆದರಷ್ಟೇ ಸಾಲದು, ಸುತ್ತಲಿನ ಮೂಳೆಯ ಅಂಚನ್ನು ಉಜ್ಜಿ ತೆಗೆಯುತ್ತಾರೆ, ಉಳಿದ ಚೂರನ್ನು ಸಾಯಿಸಲು ಕಾರ್ನಾಯ್ ದ್ರಾವಣ ಸವರುತ್ತಾರೆ. ದೊಡ್ಡದಾಗಿದ್ದರೆ ಮೊದಲು ಒಂದು ಕಿಟಕಿ ತೆರೆದು, ತಿಂಗಳುಗಟ್ಟಲೆ ಸಿರಿಂಜಿನಿಂದ ತೊಳೆದು, ಕುಗ್ಗಿದ ಮೇಲೆ ತೆಗೆಯುತ್ತಾರೆ. ಎಳೆಯ ವಯಸ್ಸಿನಲ್ಲಿ ಎರಡು ಮೂರು ಕಡೆ ಇಂಥದ್ದು ಕಂಡರೆ ಅಂಗೈಯಲ್ಲಿ ಸಣ್ಣ ಸಣ್ಣ ಕುಳಿಗಳಿವೆಯೇ ನೋಡಿ. ಗೊರ್ಲಿನ್ ಮತ್ತು ಗೋಲ್ಟ್ಸ್ 1960ರಲ್ಲಿ ವಿವರಿಸಿದ, ವಂಶದಲ್ಲಿ ಹರಿಯುವ ತೊಂದರೆ ಅದು. ಚರ್ಮದ ಕ್ಯಾನ್ಸರಿಗೂ ದಾರಿಯಾಗುವುದರಿಂದ ಮನೆಯವರನ್ನೂ ನೋಡಬೇಕಾಗುತ್ತದೆ.

ಈಗ ನಮ್ಮ ಊರಿನ ಕಷ್ಟಕ್ಕೆ ಬನ್ನಿ. ಕೆರಾಟೋಸಿಸ್ಟ್ ತೆಗೆದವರನ್ನು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ಕಡಿಮೆ ಎಂದರೂ ಐದು ವರ್ಷ ನೋಡಬೇಕು, ಅದರ ಆಚೆಗೂ ನೋಡಿದರೆ ಒಳ್ಳೆಯದು. ಬಾಶೆಟ್ಟಿಹಳ್ಳಿಯಲ್ಲಿ ಐದು ವರ್ಷ ಒಂದೇ ಕೋಣೆಯಲ್ಲಿ ಇರುವ ಹುಡುಗ ಯಾರು? ರಾಯಚೂರಿನವನು, ಒಡಿಶಾದವನು, ಬಿಹಾರದವನು, ಗುತ್ತಿಗೆ ಮುಗಿದರೆ ಹೊಸೂರಿಗೋ ತಿರುಪ್ಪೂರಿಗೋ ಹೋಗಿಬಿಡುತ್ತಾನೆ. ನಮ್ಮ ರಿಜಿಸ್ಟರಿನಲ್ಲಿ ಅವನ ಹೆಸರು ಉಳಿಯುತ್ತದೆ, ದವಡೆ ಅವನ ಜೊತೆ ಹೋಗುತ್ತದೆ. ನಾನು ಮಾಡುವುದು ಇಷ್ಟು. ಎಕ್ಸ್‌ರೇಯ, ಬಯಾಪ್ಸಿ ವರದಿಯ ಫೋಟೋವನ್ನು ಅವನ ಫೋನಿನಲ್ಲೇ ತೆಗೆಸುತ್ತೇನೆ. ಊರಲ್ಲಿರುವ ಅಮ್ಮನಿಗೋ ಅಣ್ಣನಿಗೋ ಅವನ ಕೈಯಲ್ಲೇ ಕಳಿಸುತ್ತೇನೆ. ಒಂದು ಚೀಟಿಯಲ್ಲಿ ರೋಗದ ಹೆಸರನ್ನು ಇಂಗ್ಲಿಷಿನಲ್ಲೂ, “ವರ್ಷಕ್ಕೊಮ್ಮೆ ದವಡೆಯ ಎಕ್ಸ್‌ರೇ ತೆಗೆಸು, ನೋವಿಲ್ಲದಿದ್ದರೂ ತೆಗೆಸು” ಎಂಬುದನ್ನು ಅವನ ಭಾಷೆ ಬಲ್ಲ ಗೆಳೆಯನಿಂದಲೂ ಬರೆಸುತ್ತೇನೆ. ಎಷ್ಟು ಜನ ತೆಗೆಸುತ್ತಾರೋ ಕಾಣೆ. ಒಬ್ಬ ಮಾತ್ರ ಪ್ರತಿ ಛಠ್ ಹಬ್ಬಕ್ಕೆ ಊರಿಗೆ ಹೋದಾಗ ಪಟ್ನಾದಲ್ಲಿ ತೆಗೆಸಿ ನನಗೆ ಕಳಿಸುತ್ತಾನೆ.

ಸೂಜಿ ಚುಚ್ಚಿ ನೀರು ತೆಗೆದು ನೋಡುವ ಅಭ್ಯಾಸ ಒಳ್ಳೆಯದು, ಜಾಗ ನೋಡಿ ಚುಚ್ಚಿ. ಒಣಹುಲ್ಲಿನ ಬಣ್ಣದ ನೀರು ಬಂದರೆ ಸಾಮಾನ್ಯವಾಗಿ ಸಿಸ್ಟ್, ಗಸಿಯಂಥ ಬಿಳಿ ಹಿಟ್ಟು ಬಂದರೆ ಕೆರಾಟಿನ್, ಅಂದರೆ ಕೆರಾಟೋಸಿಸ್ಟ್ ಇರಬಹುದು. ಸಿರಿಂಜಿಗೆ ಕೆಂಪು ರಕ್ತ ನುಗ್ಗಿದರೆ ಸೂಜಿ ತೆಗೆದು ಒತ್ತಿ ಹಿಡಿಯಿರಿ. ಅದು ರಕ್ತನಾಳದ ಗಂಟಾಗಿರಬಹುದು, ಆ ಜಾಗದ ಹಲ್ಲನ್ನು ಕಿತ್ತರೆ ರಕ್ತ ನಿಲ್ಲಿಸುವುದು ನಮ್ಮ ಕ್ಲಿನಿಕ್ಕಿನಲ್ಲಿ ಆಗುವ ಕೆಲಸ ಅಲ್ಲ. ಹಾಲುಗಲ್ಲದ ಮಗುವಿನ ಮೂಗಿನ ಬೆನ್ನ ಮೇಲೆ, ನಟ್ಟನಡುವೆ ಕಾಣುವ ಗಂಟಿಗಂತೂ ಸೂಜಿ ತಾಗಿಸಲೇಬೇಡಿ, ಮುಖ್ಯವಾಗಿ ಅದರ ಬಾಯಿಯಲ್ಲಿ ಒಂದು ಕೂದಲು ಕಂಡರೆ. ಅದು ಡರ್ಮಾಯ್ಡ್ ಸಿಸ್ಟ್ ಆಗಿರಬಹುದು, ಅದರ ಬಾಲ ತಲೆಬುರುಡೆಯ ಒಳಗೂ ಹೋಗಿರಬಹುದು. ಎಂಆರ್‌ಐ ಆಗುವ ತನಕ ಯಾರೂ ಕೈಹಾಕಬಾರದು. ಕೆನ್ನೆಯಲ್ಲೋ ನಾಲಿಗೆಯಲ್ಲೋ ಗೋಲಿಯಂಥ ಗಟ್ಟಿ ಗಂಟು ಸಿಕ್ಕಿ, ತೆಗೆದು ನೋಡಿದರೆ ಒಳಗೆ ಲಾಡಿಹುಳುವಿನ ಮರಿ ಇದ್ದ ಪ್ರಸಂಗಗಳು ನಮ್ಮ ದೇಶದಿಂದ ಎಷ್ಟೋ ವರದಿಯಾಗಿವೆ. ಹಂದಿ ಮಾಂಸ ಮುಟ್ಟದವರಿಗೂ ಬರುತ್ತದೆ, ಕೊಳಕು ನೀರಿನಲ್ಲಿ ತೊಳೆದ ಸೊಪ್ಪಿನಿಂದ ಮೊಟ್ಟೆ ಹೊಟ್ಟೆಗೆ ಹೋದರೆ ಸಾಕು. ನಾನು ಈ ತನಕ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತೆಗೆದ ಚೀಲವನ್ನು ಹಳದಿ ಬಕೆಟ್ಟಿಗೆ ಎಸೆಯಬೇಡಿ. ಸಣ್ಣದಿರಲಿ, ನೋಡಿದರೇ ರೇಡಿಕ್ಯುಲರ್ ಎಂದು ಗೊತ್ತಾಗಲಿ, ಹಲ್ಲಿನ ಜೊತೆ ಅಂಟಿಕೊಂಡು ಬಂದಿರಲಿ, ಅಗಲ ಬಾಯಿಯ ಬಾಟಲಿಯಲ್ಲಿ 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಮುಳುಗಿಸಿ, ಹೆಸರು, ವಯಸ್ಸು, ಜಾಗ ಬರೆದು ಕಳಿಸಿ. ಸ್ಪಿರಿಟ್ಟಿನಲ್ಲಿ ಹಾಕಬೇಡಿ, ಸಲೈನ್‌ನಲ್ಲಿ ಹಾಕಿ ಸೋಮವಾರದ ತನಕ ಇಡಬೇಡಿ. ಎಕ್ಸ್‌ರೇಯಲ್ಲಿ ಮುದ್ದಾದ ಸಿಸ್ಟ್‌ನಂತೆ ಕಂಡದ್ದು ಕೆಲವೊಮ್ಮೆ ಸೂಕ್ಷ್ಮದರ್ಶಕದ ಕೆಳಗೆ ಅಮೆಲೋಬ್ಲಾಸ್ಟೋಮ ಎಂಬ ಗಡ್ಡೆ ಆಗುತ್ತದೆ, ಆಗ ಇಡೀ ಚಿಕಿತ್ಸೆಯೇ ಬದಲು. ರೋಗಿ ಖರ್ಚಿಗೆ ಹಿಂಜರಿದರೆ ದಂತ ಕಾಲೇಜುಗಳ ಪೆಥಾಲಜಿ ವಿಭಾಗಗಳನ್ನು ಕೇಳಿ. ಬೆಂಗಳೂರು ಕೋಟೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಿಂದ ಇದೆ. ನಮಗೆ ಇನ್ನೂ ಹತ್ತಿರ ಬೇಕೆಂದರೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜು ಇದೆ, ಯಲಹಂಕಕ್ಕೆ ಹೋಗಿ ಬಸ್ಸು ಬದಲಿಸಿದರೆ ಆಯಿತು.

ಕಳಿಸುವಾಗ “ದೊಡ್ಡ ಆಸ್ಪತ್ರೆಗೆ ಹೋಗಮ್ಮ” ಎಂದು ಕೈ ತೊಳೆದುಕೊಳ್ಳಬೇಡಿ. ದಿನಗೂಲಿ ಕಳೆದುಕೊಂಡು, 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಯಾವ ಕಿಟಕಿಯ ಮುಂದೆ ನಿಲ್ಲಬೇಕು ಎಂದೇ ತಿಳಿಯದೆ ಮಧ್ಯಾಹ್ನಕ್ಕೆ ವಾಪಸು ಬಂದವರು ಎಷ್ಟೋ ಮಂದಿ. ಯಾವ ವಿಭಾಗ, ಏನು ಅನುಮಾನ, ಯಾವ ಹಲ್ಲು ಐಸಿಗೆ ಏನು ಹೇಳಿತು ಎಂದು ನಾಲ್ಕು ಸಾಲು ಬರೆದು ಕೊಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಾಗಿದ್ದರೆ ಇಎಸ್‌ಐ ಕಾರ್ಡು ಇದೆಯೇ ಕೇಳಿ. ಇರುತ್ತದೆ, ಬೀರುವಿನ ಸೀರೆಗಳ ಕೆಳಗೆ ಇರುತ್ತದೆ. ಶಸ್ತ್ರಚಿಕಿತ್ಸೆಯಾಗಿ ರಜೆ ಹಾಕಿದರೆ ವಂತಿಗೆಯ ಷರತ್ತು ಪೂರೈಸಿದವರಿಗೆ ಸಂಬಳದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದ ತನಕ ಸಿಗುತ್ತದೆ. ತಿಂಗಳು ತಿಂಗಳೂ ತಮ್ಮ ಸಂಬಳದಿಂದ ಹಣ ಮುರಿಯುತ್ತಾರೆ ಎಂದು ಬೈಯುವ ಹೆಂಗಸರಿಗೆ ಈ ಇನ್ನರ್ಧವನ್ನು ಯಾರೂ ಹೇಳಿರುವುದಿಲ್ಲ. ನಮ್ಮ ಕಾಂಪೌಂಡರ್ ಹುಡುಗಿ ಈಗ ಅದನ್ನು ಬಾಯಿಪಾಠ ಒಪ್ಪಿಸುತ್ತಾಳೆ.

ಇನ್ನು ಓದುತ್ತಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ. ಮುಖದ ಮೇಲಿನ ಹೆಚ್ಚಿನ ಊತಗಳು ಕ್ಯಾನ್ಸರ್ ಅಲ್ಲ. ಆದರೆ ಕೆನ್ನೆ ಕಾರಣವಿಲ್ಲದೆ ಮರಗಟ್ಟಿದರೆ, ಮೇಲಿನ ಹಲ್ಲುಗಳು ಒಟ್ಟೊಟ್ಟಿಗೆ ಸಡಿಲವಾದರೆ, ಒಂದೇ ಹೊಳ್ಳೆ ಕಟ್ಟಿ ರಕ್ತ ಬಂದರೆ, ಒಂದು ಕಣ್ಣು ಮುಂದೆ ಬಂದ ಹಾಗೆ ಕಂಡರೆ ಹಬ್ಬ ಮುಗಿಯಲಿ, ಬೋನಸ್ ಬರಲಿ ಎಂದು ಕಾಯಬೇಡಿ. ಮೇಲ್ದವಡೆಯ ಸೈನಸ್ಸಿನಲ್ಲಿ ಬೆಳೆಯುವ ಕ್ಯಾನ್ಸರ್ ಹಲ್ಲುನೋವಿನ ವೇಷದಲ್ಲೂ ಬರುತ್ತದೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದ ಬೆಂಗಳೂರಿನಲ್ಲಿದೆ. ಹರಕೆ ಹೊರಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ಪುಷ್ಯದ ಜಾತ್ರೆಗೆ ನಾನೂ ಘಾಟಿಗೆ ಹೋಗಿ ದನಗಳನ್ನು ನೋಡಿ ಬರುವವಳು. ಹೋಗುವ ದಾರಿಯಲ್ಲಿ ಒಂದು ಎಕ್ಸ್‌ರೇ ತೆಗೆಸಿಕೊಳ್ಳಿ ಎನ್ನುತ್ತೇನೆ.

ಕಿರಿಯ ಮಿತ್ರರೇ, ನನ್ನ ಟೇಬಲ್ಲಿನ ಗಾಜಿನ ಕೆಳಗೆ ಆ ಬಾಚಿಹಲ್ಲಿನ ಎಕ್ಸ್‌ರೇ ಫಿಲ್ಮು ಇನ್ನೂ ಇದೆ. ಟೈಲರಮ್ಮ ವರ್ಷಕ್ಕೊಮ್ಮೆ ಬರುತ್ತಾಳೆ. ಮೊನ್ನೆ ಬಂದಾಗ ಜೊತೆಯಲ್ಲಿ ಲೈನಿನ ಇನ್ನೊಬ್ಬಾಕೆ ಇದ್ದಳು, ದವಡೆ ಊದಿತ್ತು. ನಾನು ಕನ್ನಡಿ ಕೈಗೆತ್ತಿಕೊಳ್ಳುವ ಮೊದಲೇ ಟೈಲರಮ್ಮ ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ಐಸ್ ಕಡ್ಡಿ ತಂದು ನನ್ನ ಮುಂದೆ ಇಟ್ಟಳು. ಆ ಊತ ಹಲ್ಲಿನದ್ದೇ ಆಗಿತ್ತು. ಅನುಮಾನ ಇರುವ ಯಾವುದೇ ಎಕ್ಸ್‌ರೇಯನ್ನು ಭಾನುವಾರ ಬೆಳಿಗ್ಗೆ ತನ್ನಿ, ಆ ದಿನ ರೋಗಿಗಳನ್ನು ನೋಡುವುದಿಲ್ಲ, ಕಾಫಿ ಇರುತ್ತದೆ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ,
ಬಾಶೆಟ್ಟಿಹಳ್ಳಿ